ಓಲ್ಡೂ ಬೇಡ, ಲೋಕಲ್ಲೂ ಬೇಡ: ಗುಬ್ಬಿ ಯಜಮಾನ್ರ ಟೀವಿ ಖರೀದಿ

ಟೀವಿ ಅಂಗಡೀಲಿ ಕೆಲಸ ಮಾಡೋರಿಗೆ ಮನೆಗೆ ಹೋಗಿ ಟೀವಿ ನೋಡೋ ಆಸೆ ಇರಲ್ಲ. ಬೆಳಗ್ಗೆ ಶಟರ್ ಎತ್ತಿದಾಗಿಂದ ನಮ್ಮ ಕಣ್ಣೆದುರಿಗೇ ಒಂದಲ್ಲ ಒಂದು ನಡೀತಾನೇ ಇರುತ್ತೆ, ಮಧ್ಯೆ ಜಾಹೀರಾತಿನ ಕಾಟಾನೂ ಇಲ್ಲ.

ನಾನಿರೋದು ಕ್ಯಾತ್ಸಂದ್ರದಲ್ಲಿ. ಕೆಲಸ ತುಮಕೂರಿನ ಬಿ.ಹೆಚ್. ರಸ್ತೇಲಿರೋ ಒಂದು ದೊಡ್ಡ ಅಂಗಡೀಲಿ. ಗೋಡೆ ತುಂಬ ಟೀವಿ, ಒಂದರಲ್ಲಿ ಗಿಣಿ, ಇನ್ನೊಂದರಲ್ಲಿ ಮೀನು, ಮತ್ತೊಂದರಲ್ಲಿ ಹಿಮದ ಬೆಟ್ಟ. ಬಣ್ಣ ಎದ್ದು ಕಾಣಲಿ ಅಂತ ಕಂಪನಿಯೋರು ಹಾಕಿ ಕೊಟ್ಟಿರೋ ವಿಡಿಯೋ ಅದು. ಒಂದಿನ ಒಬ್ರು ಅಜ್ಜಿ ಬಂದು ಎಲ್ಲಾನೂ ನಿಧಾನಕ್ಕೆ ನೋಡಿ, "ಗಿಣಿ ಬರುತ್ತಲ್ಲ, ಆ ಟೀವಿ ಕೊಡಮ್ಮ. ಮೀನು ಬರೋದು ಬೇಡ, ನಮ್ಮನೇಲಿ ಲಿಂಗಪೂಜೆ ಇದೆ" ಅಂದ್ರು. ಎಲ್ಲದರಲ್ಲೂ ಎಲ್ಲಾ ಬರುತ್ತೆ ಅಜ್ಜಿ ಅಂತ ನಾನು ಹೇಳಿದ್ದೇ ತಪ್ಪಾಯ್ತು. ಯಾವ ಟೀವೀನೂ ತಗೊಳ್ದೆ ಎದ್ದು ಹೋದ್ರು.

ಇಂಥವು ವಾರಕ್ಕೊಂದು ಆಗುತ್ತೆ, ನಕ್ಕು ಮರೀತೀವಿ. ಗುಬ್ಬಿಯ ಆ ಯಜಮಾನ್ರು ಮಾಡಿದ್ದು ಮಾತ್ರ ಮರೆಯೋಕಾಗಿಲ್ಲ. ಯಾಕಂದ್ರೆ ಅವರು ಬಂದಾಗೆಲ್ಲ ನಾನು ನಗ್ತಿದ್ದೆ, ಹೋದ್ಮೇಲೆ ಮನಸ್ಸು ಒಂಥರಾ ಭಾರ ಆಗ್ತಿತ್ತು.

ಓಲ್ಡ್ ಮಾಲು

ಶ್ರಾವಣ ಶುರುವಾಗಿತ್ತು. ಬಿಳಿ ಪಂಚೆ, ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವಲ್ಲು ಹಾಕ್ಕೊಂಡು ಒಬ್ರು ಒಳಗೆ ಬಂದ್ರು. ಗುಬ್ಬೀಲಿ ಕೊಬ್ಬರಿ ಮಂಡಿ ಅಂತೆ. ನನ್ನನ್ನ ಒಂದ್ಸಲ ಮೇಲಿಂದ ಕೆಳಗೆ ನೋಡಿ, "ಗಂಡಸ್ರು ಯಾರೂ ಇಲ್ವೇನಮ್ಮ?" ಅಂದ್ರು.

"ಇದಾರಲ್ಲ ಯಜಮಾನ್ರೇ. ಮೇಲುಗಡೆ ಮಿಕ್ಸಿ, ಗ್ರೈಂಡರ್ ಸೆಕ್ಷನ್ನಲ್ಲಿದಾರೆ. ಟೀವಿ ನಂದು" ಅಂದೆ.

ಬೇರೆ ದಾರಿ ಇಲ್ದೆ ಕೂತ್ರು. "ಗೇಮ್ ಆಡೋಕೆ ಒಂದೊಳ್ಳೆ ಟೀವಿ ಬೇಕು. ಇಂಟರ್ನೆಟ್ಟಲ್ಲಿ ಸಿನಿಮಾ ಬರುತ್ತಲ್ಲ, ಅದೂ ಚೆನ್ನಾಗಿ ಕಾಣ್ಬೇಕು. ಎಲ್ಲಕ್ಕಿಂತ ಮೇಲಿಂದು ಯಾವ್ದಿದೆ, ಅದನ್ನ ತೋರ್ಸಿ."

ಬಾಯ್ತುಂಬ 'ಮೇಲಿಂದು' ಅನ್ನೋ ಗಿರಾಕಿ ನಮಗೆ ಸಿಗೋದೇ ಅಪರೂಪ. ಅಂಗಡೀಲಿ ಸ್ಟ್ಯಾಂಡ್ ಮೇಲಿಟ್ಟಿರೋ ಅತಿ ಒಳ್ಳೇ ಸೆಟ್ಟಿನ ಮುಂದೆ ನಿಲ್ಲಿಸಿ, "ಇದು ಓಎಲ್ಇಡಿ" ಅಂದೆ.

ಮುಖ ಸಪ್ಪಗಾಯ್ತು. "ಇಷ್ಟು ದೊಡ್ಡ ಅಂಗಡಿ ಇಟ್ಕೊಂಡು ಓಲ್ಡ್ ತೋರಿಸ್ತೀರಲ್ಲಮ್ಮ!"

"ಓಲ್ಡ್ ಅಲ್ಲ ಯಜಮಾನ್ರೇ, ಓ... ಎಲ್ಇಡಿ."

"ಅದೇ ಕಣಮ್ಮ ನಾನೂ ಹೇಳ್ತಿರೋದು. ಓಲ್ಡ್ ಇಡಿ. ನಂಗೆ ಹೊಸಾ ಇಡಿ ಬೇಕು."

ಇದರಲ್ಲಿ ಒಂದೊಂದು ಚುಕ್ಕೀನೂ ತಾನೇ ಬೆಳಗುತ್ತೆ, ಬೇಡ ಅಂದ್ರೆ ತಾನೇ ಆರುತ್ತೆ, ಅದಕ್ಕೇ ಕಪ್ಪು ಅಂದ್ರೆ ಕಗ್ಗಪ್ಪು ಕಾಣುತ್ತೆ ಅಂತ ಕೈ ತಿರುಗಿಸಿ ತಿರುಗಿಸಿ ವಿವರಿಸಿದೆ. ಅವರು ಟೀವಿ ಹಿಂದಕ್ಕೆ ಹೋಗಿ, ಬೆರಳ ಗೆಣ್ಣಲ್ಲಿ ಟಕ್ ಟಕ್ ಅಂತ ಕುಟ್ಟಿ, ಕಿವಿಗೊಟ್ಟು ಕೇಳಿದ್ರು. ಕಾಯಿ ಒಳಗೆ ಕೊಬ್ಬರಿ ಆಗಿದೆಯಾ ಅಂತ ನೋಡಿ ಅಭ್ಯಾಸ ಇರೋ ಕೈ. ಏನು ಕೇಳಿಸ್ತೋ ಏನೋ, ತಲೆ ಆಡಿಸ್ಕೊಂಡು ನೇರ ಮ್ಯಾನೇಜರ್ ಹತ್ರ ಹೋದ್ರು. ನನ್ನ ಮೇಲೆ ಕಂಪ್ಲೇಂಟ್ ಹೇಳ್ತಾರೆ ಅಂತ ನಾನೂ ಹಿಂದೇನೇ ಓಡಿದೆ.

"ನೋಡಿ ಸಾಮಿ, ಆಯಮ್ಮ ಸತ್ಯವಂತೆ. ಬೇರೆಯೋರಾಗಿದ್ರೆ ಹೊಸದು ಅಂತ ಕಟ್ಟಿ ಕಳಿಸ್ಬಿಡೋರು. ಈಯಮ್ಮ ಓಲ್ಡ್ ಮಾಲನ್ನ ಓಲ್ಡ್ ಅಂತ್ಲೇ ಬಾಯಿಬಿಟ್ಟು ಹೇಳಿದ್ರು. ಇದಕ್ಕೇಂತ ಅವರನ್ನ ಕೆಲಸದಿಂದ ತೆಗೀಬೇಡಿ ಮತ್ತೆ!"

ಬೆಕ್ಕಿಗೆ ಹೇಳೋ ಮಾತು

ಸತ್ಯವಂತೆ ಅನ್ನಿಸ್ಕೊಂಡಿದ್ದಕ್ಕೆ ಮುಂದಿನ ವಾರ ನನ್ನನ್ನೇ ಹುಡುಕ್ಕೊಂಡು ಬಂದ್ರು. ಟೀ ತರಿಸಿ ಕೊಟ್ಟು, "ಮಗ ಏನ್ ಓದ್ತಿದಾನೆ ಯಜಮಾನ್ರೇ? ಯಾವ ಥರದ ಗೇಮ್ ಆಡ್ತಾನೆ?" ಅಂತ ಕೇಳಿದೆ.

"ಮಗ ಎಲ್ಲಮ್ಮ ಇದಾನೆ ನಂಗೆ? ಆಡೋಳು ಮಗಳು."

ಕೈಲಿದ್ದ ಲೋಟ ಕೆಳಗಿಟ್ಟೆ. ಗಂಡಸ್ರು ಇಲ್ವಾ ಅಂತ ಕೇಳೋರನ್ನ ಕಂಡ್ರೆ ಉರಿದು ಬೀಳೋಳು ನಾನು, ನಾನೂ ಗೇಮ್ ಅಂದ್ರೆ ಮಗನೇ ಅಂದ್ಕೊಂಡಿದ್ದೆ ನೋಡಿ. ಅವರೇನೂ ಬೇಜಾರು ಮಾಡ್ಕೊಳ್ಳಲಿಲ್ಲ, ಕತೆ ಹೇಳೋಕೆ ಶುರು ಮಾಡಿದ್ರು.

ಮಗಳು ತುಮಕೂರಲ್ಲಿ ಎಂ.ಕಾಂ. ಓದ್ತಾಳೆ, ದಿನಾ ಗುಬ್ಬಿಯಿಂದ ರೈಲಲ್ಲಿ ಓಡಾಟ. ಟ್ಯೂಷನ್ ಹೇಳಿಕೊಟ್ಟು ಬಂದ ದುಡ್ಡಲ್ಲಿ ಗೇಮ್ ಆಡೋ ಡಬ್ಬ ತಗೊಂಡಿದಾಳೆ. ಯುಗಾದಿ ಕಳೆದ ಮೇಲೆ ಅವಳನ್ನ ನೋಡೋಕೆ ಗಂಡಿನ ಕಡೆಯೋರು ಬಂದ್ರಂತೆ. ಬರೋಕೆ ಮುಂಚೆ ಯಜಮಾನ್ರು ಆ ಡಬ್ಬಾನ ಗೋಣಿಚೀಲದಲ್ಲಿ ಸುತ್ತಿ ಕೊಬ್ಬರಿ ಅಟ್ಟದ ಮೇಲೆ ಬಚ್ಚಿಟ್ರಂತೆ. ಅಷ್ಟಕ್ಕೆ ಸುಮ್ನಿದ್ರಾ? ಬೀಗರಾಗೋರ ಮುಂದೆ, "ನಮ್ಮ ಹುಡುಗಿಗೆ ಟೀವಿ ಹುಚ್ಚೇ ಇಲ್ಲ ಕಣ್ರೀ. ರಿಮೋಟ್ ಹಿಡಿಯೋಕೂ ಬರಲ್ಲ" ಅಂತ ಹೇಳಿದ್ರಂತೆ.

ಕಾಫಿ ತಟ್ಟೆ ಹಿಡ್ಕೊಂಡು ಬಂದ ಮಗಳು ಅದನ್ನ ಕೇಳಿಸ್ಕೊಂಡು, "ಬರುತ್ತೆ ಕಣ್ರೀ. ಎರಡು ಕೈಲೂ ಹಿಡೀತೀನಿ. ದಿನಾ ಸಂಜೆ ಎರಡು ಗಂಟೆ ಆಡ್ತೀನಿ" ಅಂದ್ಲಂತೆ.

ಗಂಡಿನ ತಾಯಿ ಉಪ್ಪಿಟ್ಟಿನ ತಟ್ಟೆ ಹಾಗೇ ಕೆಳಗಿಟ್ಟು ಎದ್ರಂತೆ. ಅವರು ಅತ್ಲಾಗೆ ಹೋಗಿದ್ದೇ ತಡ, ಸಿಟ್ಟಲ್ಲಿ ಯಜಮಾನ್ರು ಗೋಡೆ ಮೇಲಿದ್ದ ಟೀವಿ ಕೀಳಿಸಿ, ಲಗೇಜ್ ಆಟೋಗೆ ಹಾಕಿ ಕುಣಿಗಲ್ಲಲ್ಲಿರೋ ತಂಗಿ ಮನೆಗೆ ಕಳಿಸಿಬಿಟ್ರು. ಅವತ್ತಿಂದ ಮಗಳು ಅಪ್ಪನ ಹತ್ರ ಮಾತು ಬಿಟ್ಟಿದಾಳೆ.

"ಬಟ್ಟೆ ಇಸ್ತ್ರಿ ಮಾಡಿಡ್ತಾಳೆ, ಬಿಪಿ ಮಾತ್ರೆ ತಟ್ಟೆ ಪಕ್ಕ ಇಡ್ತಾಳೆ, ಎಲ್ಲಾ ಸರಿ. ಮಾತು ಮಾತ್ರ ಇಲ್ಲ ತಾಯಿ. ಮನೇಲಿ ಮಗಳ ದನಿ ಕೇಳ್ದೆ ಹುಚ್ಚು ಹಿಡ್ದಂಗಾಗುತ್ತೆ" ಅಂದ್ರು. ಟವಲ್ಲಲ್ಲಿ ಮುಖ ಒರೆಸ್ಕೊಂಡ್ರು. ಬೆವರಿರಲಿಲ್ಲ, ಏಸಿ ಕೆಳಗೇ ಕೂತಿದ್ರು.

"ಅಮ್ಮೋರು ಮಧ್ಯೆ ಬಂದು ಸರಿ ಮಾಡ್ಲಿಲ್ವಾ?"

"ಮೊದಮೊದಲು ಅವಳ ಮಾತು ನಂಗೆ, ನನ್ನ ಮಾತು ಅವಳಿಗೆ ನಮ್ಮನೆಯವಳೇ ಮುಟ್ಟಿಸ್ತಿದ್ಲು. ಆಮೇಲೆ 'ನಾನೇನು ಪೋಸ್ಟಾಫೀಸಾ?' ಅಂತ ರೇಗಿ ಅವಳೂ ಮಾತು ಬಿಟ್ಲು. ಈಗ ಮೂರು ಜನಾನೂ ಏನಿದ್ರೂ ಬೆಕ್ಕಿಗೆ ಹೇಳೋದು. 'ಬೆಕ್ಕೇ, ಊಟಕ್ಕೆ ಬಾ ಅನ್ನು. ಬೆಕ್ಕೇ, ಹಾಲು ಕಾದಿದೆ ಅನ್ನು.' ನಾವು ಮೂರೂ ಜನ ಬಿಗುಮಾನದಲ್ಲಿ ಕೂತಿರ್ತೀವಿ, ಕರೆದಾಗೆಲ್ಲ ಬಂದು ತಿಂದ್ಕೊಂಡು ಹೋಗೋದು ಬೆಕ್ಕು. ಕುರಿ ಆದಂಗಾಗಿದೆ ಈಗ!"

ಹರ್ಟು

ಅಲ್ಲಿಗೆ ನಂಗೆ ವಿಷಯ ಅರ್ಥ ಆಯ್ತು. ಯಾವ ಟೀವಿ ಒಳ್ಳೇದು ಅಂತ ಗೊತ್ತಿರೋ ಒಂದೇ ಜೀವ ಮನೇಲಿದೆ, ಅವಳ ಹತ್ರ ಕೇಳೋ ಹಂಗಿಲ್ಲ. ತಪ್ಪು ಟೀವಿ ಹೊತ್ಕೊಂಡು ಹೋದ್ರೆ, 'ನಾನು ಏನು ಆಡ್ತೀನಿ ಅಂತಾನೂ ನಮ್ಮಪ್ಪಂಗೆ ಗೊತ್ತಿಲ್ಲ' ಅಂತ ಇನ್ನಷ್ಟು ಮುನಿಸ್ಕೋತಾಳೆ. ಅದಕ್ಕೇ ಮನುಷ್ಯ ಅಷ್ಟೊಂದು ಒದ್ದಾಡ್ತಿದ್ದದ್ದು.

ಮೂರನೇ ಸಲ ಮಂಡಿಯ ಸ್ನೇಹಿತ ಒಬ್ರನ್ನ ಕರ್ಕೊಂಡು ಬಂದ್ರು. ಸ್ನೇಹಿತರು ಎಲ್ಲಾ ಬಲ್ಲೋರು. ಕೈ ಹಿಂದಕ್ಕೆ ಕಟ್ಕೊಂಡು ಗೋಡೆ ಉದ್ದಕ್ಕೂ ತಪಾಸಣೆ ಮಾಡಿದ್ರು.

ಒಂದು ಸೆಟ್ ತೋರಿಸಿ, "ಇದರಲ್ಲಿ ಲೋಕಲ್ ಡಿಮ್ಮಿಂಗ್ ಇದೆ. ಕತ್ತಲೆ ಇರೋ ಜಾಗದಲ್ಲಿ ಮಾತ್ರ ಬೆಳಕು ಕಮ್ಮಿ ಮಾಡುತ್ತೆ" ಅಂದೆ.

ಸ್ನೇಹಿತರು ಕೈ ಎತ್ತಿ ನಿಲ್ಲಿಸಿದ್ರು. "ಲೋಕಲ್ಲಾ? ಇಷ್ಟು ದುಡ್ಡು ಕೊಟ್ಟು ಲೋಕಲ್ ಐಟಂ ಯಾಕೆ? ಕಂಪನಿ ಡಿಮ್ಮಿಂಗ್ ಹಾಕಿರೋದು ಕೊಡಿ."

"ಕಂಪನಿಯೋರೇ ಹಾಕಿರೋ ಲೋಕಲ್ಲು ಸಾರ್ ಇದು."

"ಕಂಪನಿಯೋರೇ ಲೋಕಲ್ ಹಾಕ್ತಾರೆ ಅಂದ್ರೆ, ಕಾಲ ಎಲ್ಲಿಗೆ ಬಂತು ನೋಡೋ!" ಅಂತ ಯಜಮಾನ್ರ ಕಡೆ ತಿರುಗಿದ್ರು.

ಲೋಕಲ್ ಸಹವಾಸವೇ ಬೇಡ ಅಂತ ಮತ್ತೆ ಓಎಲ್ಇಡಿ ಮುಂದೆ ಕರ್ಕೊಂಡು ಹೋದೆ. "ಗೇಮಿಗೆ ಇದರ ರಿಫ್ರೆಶ್ ರೇಟ್ ಚೆನ್ನಾಗಿದೆ. ನೂರಿಪ್ಪತ್ತು" ಅಂದೆ.

"ಫ್ರೆಶ್ ಮಾಡಿ ಕೊಡೋದು ಅಂಗಡಿ ಧರ್ಮ. ಅದಕ್ಕೊಂದು ರೇಟಾ? ನೂರು ಮಾಡ್ಕೊಳಿ" ಅಂದ್ರು ಸ್ನೇಹಿತರು.

"ರೇಟ್ ಅಂದ್ರೆ ಬೆಲೆ ಅಲ್ಲ ಸಾರ್. ಒಂದು ಸೆಕೆಂಡಿಗೆ ಚಿತ್ರ ನೂರಿಪ್ಪತ್ತು ಸಲ ಬದಲಾಗುತ್ತೆ. ಓಡೋ ಗಾಡಿ, ಹಾರೋ ಹಕ್ಕಿ ಮಸುಕಾಗಲ್ಲ. ಅದನ್ನ ನೂರಿಪ್ಪತ್ತು ಹರ್ಟ್ಸ್ ಅಂತಾರೆ."

ಯಜಮಾನ್ರು ಬೆಚ್ಚಿಬಿದ್ದು ಎರಡೂ ಕೈ ಮುಗಿದ್ರು. "ಬ್ಯಾಡ ತಾಯಿ, ಅದೊಂದು ಬ್ಯಾಡ. ಒಂದ್ಸಲ ಹರ್ಟ್ ಆಗಿದ್ದಕ್ಕೇ ಯುಗಾದಿಯಿಂದ ಮಾತಿಲ್ಲ. ಸೆಕೆಂಡಿಗೆ ನೂರಿಪ್ಪತ್ತು ಹರ್ಟ್ಸ್ ಅಂದ್ರೆ ನಮ್ಮನೆ ಉಳಿಯುತ್ತಾ?"

ಕುಣಿಗಲ್ಲಿನ ಬಾಗಿನ

ಇದ್ಯಾವುದೂ ತಲೆಗೆ ಹತ್ತದೆ, ಹಳೇ ಟೀವೀನೇ ವಾಪಸ್ ತಂದು ಅದೇ ಗೋಡೆಗೆ ಹಾಕಿದ್ರೆ ಮಗಳು ಕರಗಬಹುದು ಅಂತ ಅವರಿಗೆ ಹೊಳೀತು. ಕುಣಿಗಲ್ಲಿಗೆ ಹೋದ್ರು. ಅಲ್ಲಿ ಆದದ್ದನ್ನ ಆಮೇಲೆ ಅವರೇ ನಮ್ಮಂಗಡಿಗೆ ಬಂದು ಹೇಳಿದ್ದು.

ತಂಗಿ ಅಣ್ಣನಿಗೆ ಕಾಲಿಗೆ ನೀರು ಕೊಟ್ಟು, ಒಬ್ಬಟ್ಟು ಬಡಿಸಿದ್ಲು. ನಡುಮನೇಲಿ ಟೀವಿ ನೋಡಿದ್ರೆ, ಅಂಚಿಗೆಲ್ಲ ಅರಿಶಿನ ಕುಂಕುಮ, ಮೇಲೊಂದು ಹೂವಿನ ಹಾರ. ಇವರು ಊಟ ಮುಗಿಸಿ, ಗಂಟಲು ಸರಿ ಮಾಡ್ಕೊಂಡು, "ಅದೇ... ಆ ಟೀವಿ..." ಅಂತ ಶುರು ಮಾಡೋ ಅಷ್ಟರಲ್ಲಿ ತಂಗಿ ಕಣ್ಣಲ್ಲಿ ನೀರು.

"ಗೌರಿ ಹಬ್ಬಕ್ಕೆ ಎಲ್ಲರ ಅಣ್ಣಂದಿರೂ ಬಾಗಿನ ಅಂತ ಮೊರದಲ್ಲಿ ಬಳೆ ಬಿಚ್ಚೋಲೆ ಇಟ್ಟು ಕಳಿಸ್ತಾರೆ. ನಮ್ಮಣ್ಣ ಹಬ್ಬಕ್ಕೆ ಮುಂಚೆನೇ ಟೀವಿ ಕಳಿಸಿದಾನೆ ಅಂತ ಬೀದಿಗೆಲ್ಲ ಹೇಳಿದೀನಿ ಕಣೋ ಅಣ್ಣ. ನಮ್ಮತ್ತೆ ಬಾಯಿ ಮುಚ್ಚಿಹೋಗಿದೆ!"

ತವರಿನ ಬಾಗಿನ ಅಂತ ಮುಡಿಗೇರಿಸ್ಕೊಂಡಿರೋದನ್ನ ಯಾವ ಬಾಯಲ್ಲಿ ವಾಪಸ್ ಕೇಳೋದು? ಯಜಮಾನ್ರು ಮಾತು ನುಂಗ್ಕೊಂಡು, "ಟೀವಿ ಚೆನ್ನಾಗಿ ಕಾಣುತ್ತಾ ಅಂತ ಕೇಳ್ದೆ ಅಷ್ಟೇ" ಅಂತ ಎದ್ದು ನಿಂತ್ರು. ಬಾಗಿಲವರೆಗೂ ಬಂದ ತಂಗಿ ಮೆಲ್ಲಗೆ ಟವಲ್ ಎಳೆದು, "ಅಣ್ಣಾ, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬ್ಯಾಡ. ಬಾಗಿನದ ಮೊರ ಯಾವತ್ತೂ ಜೋಡಿ ಇರ್ಬೇಕು. ಇನ್ನೊಂದು ಯಾವಾಗ ಕಳಿಸ್ತೀಯಾ?" ಅಂದ್ಲಂತೆ.

ಲ್ಯಾಗು

ಕೊನೆಗೆ ಹೆಂಡತೀನ ಕರ್ಕೊಂಡು ಬಂದ್ರು. ಇಬ್ರೂ ಒಂದೇ ಸೋಫಾದ ಎರಡು ತುದೀಲಿ ಕೂತ್ರು. ಗುಬ್ಬಿಯಿಂದ ಒಂದೇ ಕಾರಲ್ಲಿ ಬಂದಿದಾರೆ, ಒಂದು ಮಾತಿಲ್ಲ. ಆಯಮ್ಮ ನನ್ನ ಕಡೆ ನೋಡಿ, "ಮೇಡಮ್ಮೋರೆ, ಬಿಪಿ ಇರೋರಿಗೆ ಟೀಗೆ ಸಕ್ಕರೆ ಕಮ್ಮಿ ಹಾಕಿಸ್ಕೋಬೇಕಂತೆ ಅಂತ ಹೇಳಿ" ಅಂದ್ರು. ಯಜಮಾನ್ರೂ ನನ್ನ ಕಡೆನೇ ನೋಡಿ, "ಬಿಪಿಗೆ ಸಕ್ಕರೆ ಅಲ್ಲ, ಉಪ್ಪು ಕಮ್ಮಿ ಮಾಡ್ಬೇಕು ಅಂತ ಹೇಳಿ" ಅಂದ್ರು. ಆವತ್ತು ಅವರ ಮನೆ ಬೆಕ್ಕಿಗೆ ಒಂದಿನ ರಜ, ಡ್ಯೂಟಿ ನಂದು.

ಓಎಲ್ಇಡಿ ತೋರಿಸಿ, ಲೈಟ್ ಆರಿಸಿ, ನಕ್ಷತ್ರದ ಆಕಾಶ ಹಾಕಿದೆ. "ಕಪ್ಪು ಎಷ್ಟು ಶುದ್ಧವಾಗಿದೆ ನೋಡಿ ಅಮ್ಮೋರೆ."

"ಏನೂ ಕಾಣ್ತಾನೇ ಇಲ್ವಲ್ಲಮ್ಮ."

"ಕಾಣ್ಬಾರ್ದ ಕಡೆ ಏನೂ ಕಾಣ್ದೆ ಇರೋದೇ ಇದರ ದೊಡ್ಡ ಗುಣ."

"ನಮ್ಮನೆಯವರಿಗೆ ಕಾಣ್ಬೇಕಾದ ಕಡೇನೂ ಕಾಣಲ್ಲ. ಅವರಿಗೆಷ್ಟು ಬೆಲೆ ಹೇಳ್ತೀರಿ?"

ನಗು ತಡ್ಕೊಂಡು, ಮಗಳು ಯಾವತ್ತಾದ್ರೂ ಟೀವಿ ಬಗ್ಗೆ ಏನಾದ್ರೂ ಹೇಳಿದ್ದಾಳಾ, ನೆನಪು ಮಾಡ್ಕೊಳ್ಳಿ ಅಂದೆ. ಆಯಮ್ಮ ಸ್ವಲ್ಪ ಯೋಚನೆ ಮಾಡಿದ್ರು. "ಟೀವಿ ಬಗ್ಗೆ ಇಲ್ಲ. ಫೋನಲ್ಲಿ ಫ್ರೆಂಡ್ ಹತ್ರ 'ನಮ್ಮಪ್ಪ ಸಿಕ್ಕಾಪಟ್ಟೆ ಲ್ಯಾಗು' ಅಂತಿದ್ಲು. ಲ್ಯಾಗು ಅಂದ್ರೆ ಏನಮ್ಮ? ಬೈಗುಳನಾ?"

"ಅದು ಗೇಮಿನ ಮಾತು. ಇಲ್ಲಿ ಬಟನ್ ಒತ್ತಿದ್ರೆ ಅಲ್ಲಿ ಟೀವೀಲಿ ತಕ್ಷಣ ಆಗ್ಬೇಕು. ಕೆಲವು ಟೀವೀಲಿ ಸ್ವಲ್ಪ ತಡವಾಗಿ ಆಗುತ್ತೆ. ಅಷ್ಟರಲ್ಲಿ ಆಡೋರು ಸೋತಿರ್ತಾರೆ. ಆ ತಡಕ್ಕೆ ಲ್ಯಾಗು ಅಂತಾರೆ."

ಯಜಮಾನ್ರು ಎದ್ದು ಟೀವಿ ಹತ್ರ ಹೋಗಿ ನಿಂತ್ರು. ಟೀವಿ ಕಡೆ ನೋಡ್ತಿರಲಿಲ್ಲ. "ಅಂದ್ರೆ, ಅವಳು ಹೇಳಿದ್ದು ನಂಗೆ ತಡವಾಗಿ ಮುಟ್ಟುತ್ತೆ ಅಂತ" ಅಂದ್ರು. ಆಮೇಲೆ ನಿಧಾನಕ್ಕೆ, "ಟೀವಿ ಕಳಿಸಿದ್ದಕ್ಕೆ ಸಿಟ್ಟು ಅಂದ್ಕೊಂಡಿದ್ದೆ ತಾಯಿ. ಟೀವಿಗಲ್ಲ. ಅವತ್ತು ಜನದ ಮುಂದೆ ನಾನು ಬಚ್ಚಿಟ್ಟಿದ್ದು ಆ ಡಬ್ಬಾನಲ್ಲ, ಮಗಳನ್ನ. ನನ್ನ ಮಗಳು ಹಿಂಗಿದಾಳೆ ಅಂತ ಹೇಳ್ಕೊಳ್ಳೋಕೆ ನಾಚ್ಕೊಂಡ್ನಲ್ಲ, ಅದು ಅವಳಿಗೆ ತಾಕಿರೋದು" ಅಂದ್ರು.

ನಾನು ಲೈಟ್ ಹಾಕಿದೆ. ಸೋಫಾದ ಆ ತುದಿಯಿಂದ ಹೆಂಡತಿ, ನನ್ನ ಕಡೆ ನೋಡ್ದೆ ನೇರ ಗಂಡನಿಗೇ ಹೇಳಿದ್ರು: "ಅಬ್ಬಾ, ಈಗ ಮುಟ್ತಾ? ಮದುವೆ ಆದಾಗಿಂದ ನಾನೂ ಇದನ್ನೇ ಬಡ್ಕೋತಿದೀನಿ!"

ಯಜಮಾನ್ರ ಮುಖ ಅರಳಿತು. ಎರಡು ಬಾಯಲ್ಲಿ ಒಂದಾದ್ರೂ ತೆರೀತಲ್ಲ. ನನ್ನ ಕಡೆ ತಿರುಗಿ, "ಆ ಓಲ್ಡೇ ಕಟ್ಸಿ ತಾಯಿ, ಎಷ್ಟು ಹರ್ಟ್ಸಾದ್ರೂ ಇರ್ಲಿ. ಲ್ಯಾಗು ಒಂದು ಇರ್ಬಾರ್ದು. ಮನೇಲಿ ನಾನೊಬ್ಬ ಇದೀನಲ್ಲ, ಸಾಕು" ಅಂದ್ರು.

ಅಡ್ಡ

ಟೀವಿ ಗೋಡೆಗೆ ಹಾಕೋಕೆ ಕಂಪನಿ ಟೆಕ್ನಿಷಿಯನ್ ಹೋಗ್ತಾರೆ, ನಾವು ಹೋಗೋ ಪದ್ಧತಿ ಇಲ್ಲ. "ಅವರು ಹೇಳೋ ಇಂಗ್ಲಿಷ್ನ ನಂಗೆ ಯಾರು ಬಿಡಿಸಿ ಹೇಳ್ತಾರೆ? ನೀವು ಬರ್ಲೇಬೇಕು" ಅಂತ ಯಜಮಾನ್ರು ಕಾರ್ ಕಳಿಸಿದ್ರು. ವಾರದ ರಜ ಇತ್ತು, ಹೋದೆ. ನಿಜ ಹೇಳ್ಬೇಕಂದ್ರೆ ಕರೀದಿದ್ರೂ ಏನಾದ್ರೊಂದು ನೆಪ ಹುಡುಕ್ಕೊಂಡು ಹೋಗ್ತಿದ್ದೆ.

ಟೀವಿ ಗೋಡೆ ಹತ್ತಿತು. ಯಜಮಾನ್ರು ಕಾಯಿ ಒಡೆದು, ಕರ್ಪೂರ ಹಚ್ಚಿ, ಮೂರು ಬೆರಳನ್ನ ವಿಭೂತೀಲಿ ಅದ್ದಿ ನೇರ ಪರದೆ ಕಡೆ ಕೈ ಚಾಚಿದ್ರು. ನಾನೂ ಟೆಕ್ನಿಷಿಯನ್ನೂ ಒಟ್ಟಿಗೆ ಕಿರುಚಿದ್ವಿ. "ಪರದೆ ಮೇಲೆ ಬೇಡ, ಅಂಚಿಗೆ ಹಚ್ಚಿ" ಅಂದೆ. ಅಂಚು ಹುಡುಕಿದ್ರು, ಈ ಹೊಸ ಟೀವಿಗಳಿಗೆ ಅಂಚು ಎಲ್ಲಿದೆ? ಬೆರಳು ಗಾಳೀಲೇ ನಿಂತಿತು.

"ಇದೇನಮ್ಮ ಇದು, ಇಷ್ಟು ದುಡ್ಡು ಇಸ್ಕೊಂಡು ಹಣೆನೇ ಇಲ್ದಿರೋದು ಕೊಟ್ಟಿದೀರಾ!" ಅಂತ ಬೈದು, ಮೇಲಿನ ಗೋಡೆಗೆ ಮೂರು ಪಟ್ಟೆ ಎಳೆದ್ರು.

ಟೆಕ್ನಿಷಿಯನ್ ಹೋದ ಮೇಲೆ ರೈಲಿಳಿದು ಮಗಳು ಬಂದ್ಲು. ಚಪ್ಪಲಿ ಬಿಡ್ತಾ ಬಿಡ್ತಾ ಗೋಡೆ ನೋಡಿದ್ಲು. ಮೂಲೇಲಿದ್ದ ಟೀವಿಯ ಖಾಲಿ ಡಬ್ಬದ ಮೇಲೆ ಬರೆದಿರೋದನ್ನ ಓದಿದ್ಲು, ಬಗ್ಗಿ ಇನ್ನೊಂದ್ಸಲ ಓದಿದ್ಲು. ಬ್ಯಾಗ್ ಇಟ್ಟು, ಏಣಿ ಹತ್ತಿ ಕೊಬ್ಬರಿ ಅಟ್ಟಕ್ಕೆ ಹೋಗಿ, ಗೋಣಿಚೀಲದ ಗಂಟು ಇಳಿಸ್ಕೊಂಡು ಬಂದ್ಲು. ಯುಗಾದಿಯಿಂದ ಅದನ್ನ ಯಾರಿಗೂ ಗೊತ್ತಾಗದಂಗೆ ಕಾಪಾಡ್ಕೊಂಡು ಬಂದಿದೀನಿ ಅಂದ್ಕೊಂಡಿದ್ದ ಯಜಮಾನ್ರು ಹೆಂಡತಿ ಮುಖ ನೋಡಿದ್ರು. ಆಯಮ್ಮ ಸೂರು ನೋಡಿದ್ರು.

ವೈರು ಸಿಕ್ಕಿಸಿ ಕೂತ್ಲು. ಆಟ ಶುರುವಾಯ್ತು. ಕತ್ತಲ ಕಾಡು, ದೂರದಲ್ಲೊಂದು ಪಂಜು, ಎಲೆ ಮೇಲಿನ ಒಂದೊಂದು ಹನೀನೂ ಬೇರೆ ಬೇರೆ ಕಾಣ್ತಿತ್ತು. ನಾನು ದಿನಾ ಟೀವಿ ಮಾರೋಳು, ನಂಗೇ ಆಹಾ ಅನ್ನಿಸ್ತು. ಯಜಮಾನ್ರಿಗೆ ಮಾತ್ರ ಕಾಡು ಬೇಕಿರಲಿಲ್ಲ, ಮಗಳಿಗೆ ಹಿಡಿಸ್ತೋ ಇಲ್ವೋ ಅನ್ನೋದೊಂದೇ ಬೇಕಿತ್ತು. ಅವಳ ಮುಖ ನೋಡೋಕೆ ಒಂದೊಂದೇ ಹೆಜ್ಜೆ ಮುಂದೆ ಬಂದು ಬಂದು, ಕೊನೆಗೆ ಟೀವಿಗೂ ಅವಳಿಗೂ ನಟ್ಟ ನಡುವೆ ನಿಂತ್ಬಿಟ್ರು.

"ಅಪ್ಪಾ, ಅಡ್ಡ ನಿಂತಿದೀಯಾ. ಸರ್ಕೋ!"

ಅಡುಗೆಮನೆ ಬಾಗಿಲಲ್ಲಿ ಆಯಮ್ಮ ಸೆರಗು ಬಾಯಿಗೆ ಒತ್ಕೊಂಡ್ರು.

ಯಜಮಾನ್ರು ಸರೀಲಿಲ್ಲ. "ಏನಂದೆ ಮಗಾ?"

"ಸರ್ಕೋ ಅಂದೆ. ಸಾಯ್ತಾ ಇದೀನಿ ಇಲ್ಲಿ!"

"ಲೇ, ಕೇಳಿಸ್ತೇನೇ? ಎರಡು ಸಲ ಮಾತಾಡಿಸಿದ್ಲು ಕಣೇ!" ಅಂತ ಹೆಂಡತಿಗೆ ಕೂಗಿ ಹೇಳಿ, ಟವಲ್ಲಿಂದ ಕಣ್ಣು ಒರೆಸ್ಕೊಂಡ್ರೇ ಹೊರತು ಜಾಗ ಬಿಡಲಿಲ್ಲ. ಆಟದಲ್ಲಿ ಮಗಳು ಸತ್ತೇ ಹೋದ್ಲು. ಕೈಲಿದ್ದದ್ದು ಕೆಳಗಿಟ್ಟು, ಅಪ್ಪನ್ನ ನೋಡಿ ನಗೋಕೆ ಶುರು ಮಾಡಿದ್ಲು. ನಾನು ಕಾಫೀನೂ ಕುಡೀದೆ ಹೊರಟೆ. ಅಲ್ಲಿ ನಿಂತಿದ್ರೆ ನಾನೂ ಅಳ್ತಿದ್ದೆ.

ದೀಪಾವಳಿ ಹೊತ್ತಿಗೆ, ಟೀವಿ ತಗೊಂಡೋರಿಗೆಲ್ಲ ಫೋನ್ ಮಾಡಿ ವಿಚಾರಿಸಿ ಅಂತ ಮ್ಯಾನೇಜರ್ ಹೇಳಿದ್ರು. ಮೊದಲ ಫೋನು ಗುಬ್ಬಿಗೇ ಮಾಡಿದೆ.

"ಮಾತು ಏನ್ ಕೇಳ್ತೀರಿ ತಾಯಿ, ಈಗ ನಿಲ್ಸಿದ್ರೆ ಸಾಕಾಗಿದೆ" ಅಂದ್ರು. ಮೊನ್ನೆ ಚೇಳೂರು ಕಡೆಯಿಂದ ಒಂದು ಸಂಬಂಧ ಬಂದಿತ್ತಂತೆ. "ನಮ್ಮ ಹುಡುಗಿ ಗೇಮ್ ಆಡ್ತಾಳೆ, ಬಲು ಚೆನ್ನಾಗಿ ಆಡ್ತಾಳೆ. ನಾನು ಹೂಂ ಅನ್ನೋಕೆ ಬರಲ್ಲ, ಅವಳನ್ನೇ ಕೇಳಿ ಅಂತ ಮೊದಲೇ ಹೇಳ್ಬಿಟ್ಟೆ. ಅವಳು ಓದು ಮುಗೀಲಿ ಅಂದ್ಲು. ಸರಿ ಅಂದೆ." ದಿನಾ ಸಂಜೆ ಮಂಡಿಯಿಂದ ಬಂದು ಕೈಕಾಲು ತೊಳ್ಕೊಂಡ ಕೂಡ್ಲೇ ಹೋಗಿ ಮಗಳ ಮುಂದೆ ಅಡ್ಡ ನಿಂತ್ಕೋತಾರಂತೆ. ಸರ್ಕೋ ಅಂತಾಳಂತೆ, ಇವರು ಯಾಕಮ್ಮ ಅಂತಾರಂತೆ, ಅಲ್ಲಿಂದ ಮಾತು ಬೆಳೆಯುತ್ತಂತೆ.

ಕೇಳಿ ನಂಗೆ ಹೊಟ್ಟೆ ತಂಪಾಯ್ತು. ಆದ್ರೂ ಡ್ಯೂಟಿ ಡ್ಯೂಟಿನೇ, ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ರು. "ಅದೆಲ್ಲ ಸರಿ ಯಜಮಾನ್ರೇ, ಇಷ್ಟು ದಿನ ಆಯ್ತಲ್ಲ, ಪಿಕ್ಚರ್ ಹೆಂಗೆ ಬರ್ತಿದೆ ಹೇಳಿ" ಅಂದೆ.

"ಪಿಕ್ಚರ್ರಾ? ನಂಗೇನು ಗೊತ್ತು ತಾಯಿ, ನಾನು ಟೀವಿಗೆ ಬೆನ್ನು ಮಾಡ್ಕೊಂಡು ನಿಂತಿರ್ತೀನಲ್ಲ!"